ಬಿಳಿ ಚುಕ್ಕೆ ಹೋದ ಮೇಲಿನ ಗಾಯಕ್ಕೆ ಮೆಥಿಲೀನ್ ಬ್ಲೂ: ಕೊಡಗಿನ ಮಳೆಗಾಲದಲ್ಲಿ ಎಷ್ಟು ಉಪಯೋಗ?

ಟ್ಯಾಂಕಿನ ಮೀನಿಗೆ ಬಂದ ಬಿಳಿ ಚುಕ್ಕೆ ರೋಗದ ಚುಕ್ಕೆಗಳು ಉದುರಿವೆ, ಮೀನು ಮೇವಿಗೆ ಬರುತ್ತಿದೆ. ಆದರೆ ಮೈಮೇಲೆ ಸಣ್ಣ ಸಣ್ಣ ಕುಳಿಗಳಿವೆ, ಬಾಲದ ಬುಡದಲ್ಲಿ ಹತ್ತಿ ಅಂಟಿದ ಹಾಗೆ ಏನೋ ಕಾಣುತ್ತಿದೆ. 1% ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಔಷಧದ ಬಾಟಲಿ ನಿಜವಾಗಿ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಆದರೆ ಹೆಚ್ಚಿನವರು ಅದನ್ನು ಬಿಳಿ ಚುಕ್ಕೆ ಕಂಡ ದಿನವೇ ದೊಡ್ಡ ಟ್ಯಾಂಕಿಗೆ ಸುರಿದು ಮುಗಿಸಿರುತ್ತಾರೆ.

ಬಿಳಿ ಚುಕ್ಕೆಯ ಪರಜೀವಿ ಚರ್ಮದ ಒಳಗೆ ಬೆಳೆದು, ಅದನ್ನು ಹರಿದುಕೊಂಡು ಹೊರಬೀಳುತ್ತದೆ. ಒಂದೊಂದು ಚುಕ್ಕೆ ಇದ್ದ ಜಾಗವೂ ಒಂದೊಂದು ತೂತು. ಲೋಳೆ ಕಿತ್ತುಹೋದ ಆ ಜಾಗದಿಂದ ನೀರು ಒಳಗೆ ನುಗ್ಗುತ್ತದೆ, ಮೈಯ ಲವಣ ಹೊರಗೆ ಸೋರುತ್ತದೆ. ಸತ್ತ ಚರ್ಮದ ಮೇಲೆ ಸ್ಯಾಪ್ರೊಲೆಗ್ನಿಯಾ ಎಂಬ ಬೂಷ್ಟು ಹತ್ತುತ್ತದೆ. ಮೆಥಿಲೀನ್ ಬ್ಲೂ ತಡೆಯುವುದು ಈ ಬೂಷ್ಟನ್ನು. ಕುಳಿ ತುಂಬಿಕೊಳ್ಳಬೇಕಾದ್ದು ಮೀನೇ, ಅದಕ್ಕೆ ಬೇಕಾದ್ದು ಬೆಚ್ಚಗಿನ, ಶುದ್ಧವಾದ, ತುಸು ಉಪ್ಪಿನ ನೀರು. ಹಾಗಾಗಿ ಉಪ್ಪು ಮೊದಲು, ನೀಲಿ ಆಮೇಲೆ.

ಗಾಯದ ಮೀನನ್ನು ಬಿಡುವ ಇಪ್ಪತ್ತು ಲೀಟರಿನ ಬೇರೆ ತೊಟ್ಟಿಯ ಲೆಕ್ಕ ಹೀಗೆ. ಲೀಟರಿಗೆ 2 ಗ್ರಾಂನಂತೆ 40 ಗ್ರಾಂ ಕಲ್ಲುಪ್ಪು. ತೂಗಿ, ಕರಗಿಸಿ, ಹನ್ನೆರಡು ಗಂಟೆ ಅಂತರದಲ್ಲಿ ಎರಡು ಕಂತಾಗಿ ಹಾಕಿ. 1% ದ್ರಾವಣದ ಒಂದು ಮಿಲೀನಲ್ಲಿ 10 ಮಿಲಿಗ್ರಾಂ ಬಣ್ಣ ಇರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಬೇಕಾದರೆ 4 ಮಿಲೀ ಸಾಕು. ಹನಿ ಎಣಿಸಬೇಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಬಿಡದೆ ಓಡಬೇಕು. ದಿನಕ್ಕೆ 6 ಲೀಟರ್ ತೆಗೆದು ಹೊಸ ನೀರು ತುಂಬುವಾಗ ಆ 6 ಲೀಟರಿಗೆ ಮಾತ್ರ 12 ಗ್ರಾಂ ಉಪ್ಪು, 1.2 ಮಿಲೀ ನೀಲಿ. ಐದರಿಂದ ಏಳು ದಿನ ಹೀಗೇ. ಲೋಚ್, ಕೋರಿಡೋರಾಸ್ ಜಾತಿಯ ಮೀನುಗಳಿಗೆ ಉಪ್ಪು ಅರ್ಧಕ್ಕೆ ಇಳಿಸಿ. ಗಿಡ ಇರುವ ದೊಡ್ಡ ಟ್ಯಾಂಕಿಗೆ ಎರಡೂ ಬೇಡ: ನೀಲಿ ಬಣ್ಣ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸಿಲಿಕಾನ್ ಅಂಚುಗಳಿಗೆ ಹತ್ತಿದರೆ ಹೋಗುವುದಿಲ್ಲ. ಇದ್ದಿಲಿನ ಫಿಲ್ಟರ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಔಷಧವನ್ನೆಲ್ಲ ಅದೇ ಹೀರಿಬಿಡುತ್ತದೆ.

ಪರಿಣಾಮ ಕಣ್ಣಿಗೆ ಕಾಣುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ: ಬೂಷ್ಟಿನ ಎಳೆಗಳು ಬಣ್ಣ ಹೀರಿ ಕಡುನೀಲಿಯಾಗಿ, ಎದ್ದು ನಿಂತ ಕುಚ್ಚಿನಂತೆ ಕಾಣುತ್ತವೆ, ಆಮೇಲೆ ಕಳಚಿ ಬೀಳುತ್ತವೆ. ಗೋಲ್ಡ್‌ಫಿಶ್‌ನಲ್ಲಿ ಗಾಯದ ಅಂಚಿಗೆ ಮಸಿ ಬಳಿದಂತೆ ಕಪ್ಪು ಬಂದರೆ ಹೆದರಿ ಔಷಧ ಹೆಚ್ಚಿಸಬೇಡಿ, ಗಾಯ ಮಾಯುವಾಗ ಆ ಬಣ್ಣ ಬರುವುದುಂಟು.

ಈ ಬಾಟಲಿ ಸೋಲುವ ಜಾಗವೂ ಇದೆ. ಕುಚ್ಚಿನಂತೆ ಎದ್ದು ನಿಲ್ಲದೆ, ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಚಪ್ಪಟೆಯಾದ ಬೂದು ಮಚ್ಚೆ ಹರಡಿದ್ದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಮೆಥಿಲೀನ್ ಬ್ಲೂ ನೆಚ್ಚಿಕೊಳ್ಳುವಂಥದ್ದಲ್ಲ. ಬೆಚ್ಚಗಿನ ನೀರಿನಲ್ಲಿ ಈ ರೋಗ ಇನ್ನೂ ಬೇಗ ಹಬ್ಬುತ್ತದೆ, ಆದ್ದರಿಂದ ಹೀಟರ್ ಏರಿಸುವುದನ್ನು ನಿಲ್ಲಿಸಿ. ಕೆಂಪಗೆ ಆಳವಾದ ಹುಣ್ಣಿಗೂ ಪಶುವೈದ್ಯರನ್ನೇ ಕೇಳಬೇಕು, ಆಂಟಿಬಯೋಟಿಕ್ ಅಂದಾಜಿನಲ್ಲಿ ಹಾಕುವಂಥದ್ದಲ್ಲ.

ಇನ್ನು ನಮ್ಮ ಕಡೆಯ ಕಷ್ಟ. ಜುಲೈನಲ್ಲಿ ಮಡಿಕೇರಿಯ ಹೀಟರಿಲ್ಲದ ಟ್ಯಾಂಕು 18–20 ಡಿಗ್ರಿಗೆ ಇಳಿಯುವುದು ಮಾಮೂಲು. 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುವ ಪರಜೀವಿಯ ಸುತ್ತು ಆ ಚಳಿಯಲ್ಲಿ ಬಹಳ ಎಳೆಯುತ್ತದೆ, ಚರ್ಮ ಮಾಯುವುದೂ ನಿಧಾನ. ಚುಕ್ಕೆ ಕಾಣದ ಮಾತ್ರಕ್ಕೆ ರೋಗ ಮುಗಿಯಿತು ಅನ್ನಬೇಡಿ. ಗಪ್ಪಿ, ಬೆಟ್ಟಾಗಳಿಗೆ 26–27 ಡಿಗ್ರಿ ಕೊಡಿ. ಕರೆಂಟ್ ಹೋದರೆ ತೊಟ್ಟಿಗೆ ಕಂಬಳಿ ಸುತ್ತಿ, ಬ್ಯಾಟರಿ ಪಂಪು ಹಚ್ಚಿ.

ಬದಲಿಸುವ ನೀರನ್ನು ಬೆಚ್ಚಗೆ ಮಾಡಲು ಬಚ್ಚಲಿನ ತಾಮ್ರದ ಹಂಡೆಯ ನೀರನ್ನು ಮಾತ್ರ ಬೆರೆಸಬೇಡಿ. ಇಲ್ಲಿನ ಬಾವಿ, ಒರತೆಗಳ ನೀರು ಮೆದು, ಹೆಚ್ಚಾಗಿ ಹುಳಿಯ ಕಡೆಗಿರುತ್ತದೆ. ಬಿಸಿಯಾದಾಗ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ, ಪೆಟ್ಟು ಬೀಳುವುದು ಕಿವಿರಿಗೆ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಇದೇ ಮೆದು ನೀರಿನಲ್ಲಿ ಪಿಎಚ್ ದಿಢೀರನೆ ಕುಸಿಯುವುದೂ ಉಂಟು. 20 ಲೀಟರಿಗೆ 0.6 ಗ್ರಾಂ ಅಡುಗೆ ಸೋಡಾ ಹಾಕಿದರೆ ಕಾರ್ಬೊನೇಟ್ ಗಡಸುತನ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಗುಣ) ಸುಮಾರು ಒಂದು ಡಿಗ್ರಿ ಏರುತ್ತದೆ. ಅಮೋನಿಯಾ ಕೂಡಿಕೊಂಡಿದ್ದರೆ ಮೊದಲು ನೀರು ಬದಲಿಸಿ, ಸೋಡಾ ಆಮೇಲೆ. ಪಿಎಚ್ ಏರಿದರೆ ಅಮೋನಿಯಾದ ವಿಷ ಹೆಚ್ಚುತ್ತದೆ.

ಕೊಳ್ಳುವಾಗ ಒಂದು ಮಾತು. ಕೆಲವು ಬಾಟಲಿಗಳ ಮೇಲೆ ಶೇಕಡಾ ಎಷ್ಟು ಎಂದೇ ಬರೆದಿರುವುದಿಲ್ಲ. ಅಂಥದ್ದನ್ನು ಅಂಗಡಿಯಲ್ಲೇ ಬಿಡಿ, ಮೇಲಿನ ಯಾವ ಲೆಕ್ಕವೂ ಅದಕ್ಕೆ ಒಪ್ಪುವುದಿಲ್ಲ. ಮಲಕೈಟ್ ಗ್ರೀನ್ ಅಥವಾ ಫಾರ್ಮಲಿನ್ ಬೆರೆತದ್ದು ಹರಿದ ಚರ್ಮದ ಮೀನಿಗೆ ಬೇಡವೇ ಬೇಡ. 1% ಎಂದು ಸ್ಪಷ್ಟವಾಗಿ ಬರೆದ, ಬೇರೇನೂ ಬೆರೆಸದ ಸಣ್ಣ ಬಾಟಲಿ ಸಿಕ್ಕಿದರೆ ಧೈರ್ಯವಾಗಿ ತನ್ನಿ. ಹೀಟರ್ ಇನ್ನೂ ಇಲ್ಲದವರು ಮೊದಲು ಹೀಟರ್‌ಗೆ ದುಡ್ಡು ಹಾಕಿ.