ಮೂವತ್ತು ಅಸ್ಥಿಪಂಜರ, ಮೂರು ಬಗೆಯ ಬಣ್ಣ

ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ನಾವೇ ಬಣ್ಣ ಬಳಿಯುವ ಪುಟ್ಟ ಅಸ್ಥಿಪಂಜರದ ಗೊಂಬೆಗೆ ಎಷ್ಟು ಪಕ್ಕೆಲುಬು ಇರುತ್ತವೆ ಗೊತ್ತಾ? ನನ್ನ ಹತ್ತಿರ ಇರುವವಕ್ಕೆ ಒಂದು ಬದಿಗೆ 6. ಬೇಕೆಂದು ಎಣಿಸಿದ್ದಲ್ಲ. ಒಂದೊಂದರ ಮೇಲೂ ಬ್ರಷ್ ತುದಿಯಿಂದ ಗೆರೆ ಎಳೆಯುವಾಗ ಎಣಿಕೆ ತಾನಾಗಿಯೇ ಬಾಯಿಗೆ ಬರುತ್ತದೆ. ಒಂದು ಗೊಂಬೆಗೆ 12 ಗೆರೆ, 30 ಗೊಂಬೆಗೆ 360. ಅದೂ ಬರೀ ಪಕ್ಕೆಲುಬಿಗೆ. ಕೈಕಾಲು, ತಲೆಬುರುಡೆ, ಗುರಾಣಿ, ಕತ್ತಿ ಎಲ್ಲ ಇನ್ನೂ ಬಾಕಿ. ನಾಲ್ಕನೇ ಗೊಂಬೆ ಮುಗಿಸಿದ ರಾತ್ರಿ ಈ ಲೆಕ್ಕ ಹಾಕಿ ಬ್ರಷ್ ಕೆಳಗಿಟ್ಟೆ.

ಪೂರ್ತಿ ಬಿಟ್ಟುಬಿಡೋಕೆ ಮನಸ್ಸು ಬರಲಿಲ್ಲ. ಬಣ್ಣ ಕಾಣದ ಬೂದು ಪ್ಲಾಸ್ಟಿಕ್ ಸೈನ್ಯ ಕಪಾಟಿನಲ್ಲಿ ಆಗಲೇ ಸಾಕಷ್ಟಿತ್ತು. ಹಾಗಾಗಿ ಒಂದು ತೀರ್ಮಾನಕ್ಕೆ ಬಂದೆ. ಹತ್ತು ಗೊಂಬೆ ಹಳೆಯ ಕ್ರಮದಲ್ಲಿ, ಹತ್ತು ಕಾಂಟ್ರಾಸ್ಟ್ ಪೇಂಟ್‌ನಲ್ಲಿ, ಹತ್ತು ಸ್ಲ್ಯಾಪ್‌ಚಾಪ್ ಅಂತ ಕರೆಯುವ ರೀತಿಯಲ್ಲಿ. ಎಲ್ಲವೂ ಒಂದೇ ಪೆಟ್ಟಿಗೆಯ 28 ಎಂಎಂ ಅಳತೆಯ ಗೊಂಬೆಗಳು, ಅದೇ ದೀಪ, ಅದೇ ನಡುಗುವ ಕೈ. ಆಮೇಲೆ ಮೂರನ್ನೂ ಕಲಸಿ ಆಟಕ್ಕೆ ಇಳಿಸೋದು.

ತಯಾರಿ ಮೂರಕ್ಕೂ ಒಂದೇ. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ಅಂದರೆ ಸ್ಪ್ರೂನಿಂದ, ಕತ್ತರಿಸಿ, ಅಚ್ಚಿನ ಎರಡು ಭಾಗ ಸೇರುವಲ್ಲಿ ಉಳಿಯುವ ಸಣ್ಣ ಏಣನ್ನು ಚಾಕುವಿನ ಬೆನ್ನಿನಿಂದ ಕೆರೆದು, ಪ್ಲಾಸ್ಟಿಕ್ ಅಂಟು ಹಾಕಿದೆ. ಈ ಅಂಟು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಬೆಸೆಯುತ್ತದೆ, ಹಾಗಾಗಿ ಲೋಹದ ಗೊಂಬೆಗೂ ರೆಸಿನ್ ಗೊಂಬೆಗೂ ಕೆಲಸಕ್ಕೆ ಬರೋದಿಲ್ಲ. ಅವಕ್ಕೆ ಸೂಪರ್ ಗ್ಲೂ ಬೇಕು. ಕೆರೆಯುವ ಕೆಲಸದಲ್ಲಿ ಕೊನೆಯ ಮೂರ್ನಾಲ್ಕು ಗೊಂಬೆಗೆ ಸೋಮಾರಿತನ ಮಾಡಿದೆ. ಅದಕ್ಕೆ ದಂಡ ತೆತ್ತ ಕಥೆ ಮುಂದೆ ಬರುತ್ತದೆ.

ಮೊದಲು ಹಳೆಯ ಕ್ರಮ. ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಕೊಡುವ ತಳದ ಕೋಟ್, ಅದರ ಮೇಲೆ ಮೂಳೆ ಬಣ್ಣದ ಎರಡು ತೆಳು ಕೋಟ್. ಬಣ್ಣಕ್ಕೆ ನೀರು ಸೇರಿಸಿ ಹಾಲಿನ ಹದಕ್ಕೆ ತರಬೇಕು. ದಪ್ಪಗೆ ಬಳಿದರೆ ಗೊಂಬೆಯ ಕೆತ್ತನೆಯೇ ಮುಚ್ಚಿಹೋಗುತ್ತದೆ. ಅದರ ಮೇಲೆ ಕಂದು ವಾಶ್, ಅಂದರೆ ನೀರಿನಂತೆ ತೆಳುವಾದ ಬಣ್ಣ. ಅದು ಹಳ್ಳಗಳಿಗೆ ಇಳಿದು ನೆರಳು ಕೊಡುತ್ತದೆ. ವಾಶ್ ಪೂರ್ತಿ ಒಣಗಿದ ಮೇಲೆ ಉಬ್ಬಿದ ಜಾಗಗಳಿಗೆ ಮತ್ತೆ ಮೂಳೆ ಬಣ್ಣ, ಕೊನೆಗೆ ಅಂಚಿಗೆ ಮಾತ್ರ ಬಿಳಿ ಬೆರೆಸಿದ ಗೆರೆ. ಹತ್ತು ಗೊಂಬೆಗೆ ನನಗೆ ಹಿಡಿದದ್ದು 15 ಗಂಟೆ, ಒಣಗಿಸುವ ಹೊತ್ತು ಬಿಟ್ಟು.

ಬೇಜಾರಿನ ಕೆಲಸವೇನೋ ಹೌದು. ಆದರೆ ಈ ಕ್ರಮದಲ್ಲಿ ತಪ್ಪು ಮಾಡಿದರೂ ನಡೆಯುತ್ತದೆ. ಕೈ ಜಾರಿತಾ? ಒಣಗಲು ಬಿಟ್ಟು ಮೇಲೆ ಬಳಿದರಾಯಿತು. ಒಬ್ಬನ ತಲೆಬುರುಡೆಯನ್ನು ಮೂರು ಸಲ ಬಳಿದಿದ್ದೇನೆ, ಈಗ ಹುಡುಕಿದರೂ ಗೊತ್ತಾಗೋದಿಲ್ಲ. ಇನ್ನೊಂದು ವಿಷಯ, ಎಲ್ಲಿ ಎಷ್ಟು ಬೆಳಕು ಬೀಳಬೇಕು ಅನ್ನೋದನ್ನು ಇಲ್ಲಿ ನಾನೇ ನಿರ್ಧರಿಸುತ್ತೇನೆ. ಹುಬ್ಬಿನ ಮೂಳೆ, ಕೆನ್ನೆಯ ಏಣು, ಮುಂದಿನ ಎರಡು ಹಲ್ಲು. ಇಷ್ಟಕ್ಕೇ ಬಿಳಿ ಮುಟ್ಟಿಸಿದರೆ ತಲೆಬುರುಡೆ ನಗುತ್ತಿದೆಯೇನೋ ಅನ್ನಿಸುತ್ತದೆ. ಬೇರೆ ಎರಡು ರೀತಿಯಲ್ಲೂ ಆ ನಗು ನನಗೆ ಸಿಗಲಿಲ್ಲ.

ಎರಡನೆಯದು ಕಾಂಟ್ರಾಸ್ಟ್. ವಾರ್‌ಹ್ಯಾಮರ್ ಆಟದ ಕಂಪನಿ ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ಸಿಟಾಡೆಲ್ ಬ್ರ್ಯಾಂಡ್‌ನಲ್ಲಿ ಈ ಬಣ್ಣಗಳನ್ನು ತಂದಿತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು, ದಿ ಆರ್ಮಿ ಪೇಂಟರ್‌ನವರ ಸ್ಪೀಡ್‌ಪೇಂಟ್, ವಾಲೆಹೋದವರ ಎಕ್ಸ್‌ಪ್ರೆಸ್ ಕಲರ್ ಹೀಗೆ. ತಿಳಿ ಬಣ್ಣದ ಪ್ರೈಮರ್ ಮೇಲೆ ಒಂದೇ ಕೋಟ್. ಬಣ್ಣ ಅರೆಪಾರದರ್ಶಕ, ಸುಲಭವಾಗಿ ಹರಿಯುವಂಥದ್ದು. ಉಬ್ಬಿನಿಂದ ಇಳಿದು ಹಳ್ಳದಲ್ಲಿ ನಿಲ್ಲುತ್ತದೆ, ಹಾಗಾಗಿ ನೆರಳೂ ಬೆಳಕೂ ಒಟ್ಟಿಗೇ ಬರುತ್ತವೆ. ಪಕ್ಕೆಲುಬಿನ ಮೇಲೆ ಒಮ್ಮೆ ಬ್ರಷ್ ಎಳೆದೆ. ಕಣ್ಣೆದುರಿಗೇ ಕಂದು ಬಣ್ಣ ಸಂದುಗಳಿಗೆ ಜಾರಿತು, ಮೂಳೆ ಮೇಲೆ ತಿಳಿಯಾಗಿ ಉಳಿಯಿತು. 12 ಗೆರೆಯ ಕೆಲಸ ಒಂದೇ ಎಳೆತದಲ್ಲಿ! ಹತ್ತೂ ಗೊಂಬೆ ಮೂರೂವರೆ ಗಂಟೆಯಲ್ಲಿ ಮುಗಿದವು. ಆ ರಾತ್ರಿ ಹಳೆಯ ಕ್ರಮ ಸತ್ತೇಹೋಯಿತು ಅಂದುಕೊಂಡೆ.

ಬೆಳಗ್ಗೆ ಗುರಾಣಿಗಳನ್ನು ನೋಡಿದೆ. ಸಪಾಟಾದ ಜಾಗದಲ್ಲಿ ಈ ಬಣ್ಣಕ್ಕೆ ಹರಿಯಲು ಇಳಿಜಾರೂ ಇಲ್ಲ, ನಿಲ್ಲಲು ಹಳ್ಳವೂ ಇಲ್ಲ. ಮನಸ್ಸಿಗೆ ಬಂದಲ್ಲಿ ಗುಂಪುಗೂಡಿ ಒಣಗುತ್ತದೆ. ಮಳೆಗಾಲದಲ್ಲಿ ಸೋರುವ ಗೋಡೆ ಮೇಲೆ ಕಲೆ ಕಟ್ಟುತ್ತದಲ್ಲ, ಅಂಚು ಗಾಢ, ನಡುವೆ ಮಾಸಲು, ಥೇಟ್ ಹಾಗೇ. ಸರಿಪಡಿಸೋಣ ಅಂದರೆ ಮೇಲೊಂದು ಕೋಟ್ ಕೊಡೋ ಹಾಗಿಲ್ಲ, ಇನ್ನೂ ಕಪ್ಪಾಗುತ್ತದೆ. ಪ್ರೈಮರ್ ಬಣ್ಣವನ್ನೇ ಬಳಿದು ಮೊದಲಿನಿಂದ ಶುರು ಮಾಡಬೇಕು. ಅಲ್ಲಿಗೆ ಉಳಿಸಿದ ಸಮಯ ಹೋಯಿತು ಅಲ್ವಾ?

ಇನ್ನೊಂದು ಪೆಟ್ಟೂ ಬಿತ್ತು. ಈ ಜಾತಿಯದ್ದೇ ಬೇರೊಂದು ಕಂಪನಿಯ ಬಾಟಲಿ ನನ್ನಲ್ಲಿತ್ತು. ಅದರಲ್ಲಿ ಎರಡು ಗೊಂಬೆಗೆ ಕೆಂಪು ಬಟ್ಟೆ ಬಳಿದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಮಾರನೇ ದಿನ ಅದರ ಅಂಚಿಗೆ ಬಿಳಿ ಗೆರೆ ಎಳೆದರೆ ಗೆರೆ ಗುಲಾಬಿಯಾಯಿತು. ಒದ್ದೆ ಬ್ರಷ್ ತಾಗಿದ ಕೂಡಲೇ ಕೆಳಗಿನ ಕೆಂಪು ಮತ್ತೆ ಕರಗಿ ಮೇಲೆ ಬಂದಿತ್ತು. ನಡುವೆ ಒಂದು ಕೋಟ್ ವಾರ್ನಿಶ್ ಹಾಕಿ ಮುಂದುವರಿದರೆ ಸರಿಹೋಗುತ್ತದೆ. ನನಗೆ ಅದು ಹೊಳೆದದ್ದು ಎರಡನೇ ಗುಲಾಬಿ ಗೆರೆ ಎಳೆದ ಮೇಲೆ.

ಮೂರನೆಯದು ಸ್ಲ್ಯಾಪ್‌ಚಾಪ್. ಹೆಸರು ಕೇಳಿದರೆ ತಮಾಷೆ, ಕೆಲಸವೂ ಹಾಗೇ. ಕಪ್ಪು ಪ್ರೈಮರ್. ಅದರ ಮೇಲೆ ಬೂದು ಬಣ್ಣದ ಡ್ರೈಬ್ರಶ್, ಆಮೇಲೆ ಬಿಳಿ, ಸ್ವಲ್ಪ ಹಗುರ ಕೈಯಲ್ಲಿ. ಡ್ರೈಬ್ರಶ್ ಅಂದರೆ ಬ್ರಷ್‌ಗೆ ಬಣ್ಣ ತಾಗಿಸಿ, ಕಾಗದದ ಮೇಲೆ ಉಜ್ಜಿ ಉಜ್ಜಿ ಬಹುತೇಕ ಏನೂ ಉಳಿಯದ ಹಾಗೆ ಮಾಡಿ, ಆಮೇಲೆ ಗೊಂಬೆಯ ಮೇಲೆ ಆಡಿಸೋದು. ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಒಳ್ಳೆಯ ಬ್ರಷ್ ಇದಕ್ಕೆ ಬಳಸಬೇಡಿ, ಒಂದೇ ಸಂಜೆಗೆ ಪೊರಕೆಯಾಗುತ್ತದೆ. ಮೇಕಪ್ ಮಾಡುವ ಮೆತ್ತನೆಯ ದುಂಡು ಬ್ರಷ್ ಸಾಕು, ಅದೇ ಚೆನ್ನ. ಈಗ ಗೊಂಬೆ ಕಪ್ಪು ಬಿಳುಪು ಫೋಟೋ ಥರ ಕಾಣುತ್ತದೆ. ಅದರ ಮೇಲೆ ಕಾಂಟ್ರಾಸ್ಟ್ ಬಣ್ಣ ಬಳಿದರೆ ಕೆಳಗಿನ ನೆರಳು ಬೆಳಕು ಹಾಗೇ ತೋರುತ್ತದೆ.

ಹತ್ತಕ್ಕೆ ಐದು ಗಂಟೆ. ಮೂಳೆಗೆ ಇದಕ್ಕಿಂತ ಒಳ್ಳೆಯ ರೀತಿ ನಾನು ನೋಡಿಲ್ಲ. ಡ್ರೈಬ್ರಶ್ ಬಿಟ್ಟುಹೋಗುವ ಆ ಸಣ್ಣ ಒರಟುತನ ಎಲುಬಿಗೆ ಹೇಳಿ ಮಾಡಿಸಿದ್ದು, ಮಣ್ಣಿನಿಂದ ಈಗಷ್ಟೇ ಎದ್ದು ಬಂದ ಹಾಗೆ. ಗುರಾಣಿಯ ಮೇಲೂ ಕಲೆ ಕಮ್ಮಿ, ಯಾಕೆಂದರೆ ಕೆಳಗೆ ಆಗಲೇ ಬೂದು ಬಿಳಿ ಗೀಚು ಇರುತ್ತದೆ, ಬಣ್ಣ ಅಲ್ಲಲ್ಲಿ ನಿಂತರೂ ಸವೆದ ಮರ ಅನ್ನಿಸುತ್ತದೆ. ಆದರೆ ಹಳದಿ, ಕೆಂಪು ಬಣ್ಣಗಳು ಇಲ್ಲಿ ಮಂಕು. ಕಪ್ಪಿನ ಮೇಲೆ ಹಳದಿ ಹಾಕಿದರೆ ಪಾಚಿಯ ಬಣ್ಣ ಬರುತ್ತದೆ. ಇನ್ನು ಆ ಸೋಮಾರಿತನದ ದಂಡ. ಕೆರೆಯದೆ ಬಿಟ್ಟ ಅಚ್ಚಿನ ಏಣನ್ನು ಡ್ರೈಬ್ರಶ್ ಹುಡುಕಿ ಹುಡುಕಿ ಬೆಳ್ಳಗೆ ಮಾಡಿತು. ಒಬ್ಬನ ತಲೆ ಮೇಲೆ ಬೈತಲೆ ತೆಗೆದ ಹಾಗೆ ನೇರ ಗೆರೆ. ಕೂದಲೇ ಇಲ್ಲದವನಿಗೆ ಬೈತಲೆ!

ಇದೇ ಹುಮ್ಮಸ್ಸಿನಲ್ಲಿ ಇವರ ಒಡೆಯ ಮಂತ್ರವಾದಿಯನ್ನೂ ಸ್ಲ್ಯಾಪ್‌ಚಾಪ್ ಮಾಡಿದೆ. ಕೆಟ್ಟುಹೋಯಿತು. ನುಣುಪಾದ ಉದ್ದ ನಿಲುವಂಗಿಗೆ ಹಿಡಿಯಲು ಒರಟುತನವೇ ಇಲ್ಲ, ಬಿಳಿ ಬಣ್ಣ ಪುಡಿ ಪುಡಿಯಾಗಿ ಕೂತಿತು. ಎಲ್ಲ ತೊಳೆದು ಹಳೆಯ ಕ್ರಮಕ್ಕೆ ಮರಳಿದೆ.

ಈಗ ಮೇಜಿನ ಪರೀಕ್ಷೆ. ಆಡಲು ಬಂದ ಗೆಳೆಯನಿಗೆ ಏನೂ ಹೇಳದೆ ಮೂವತ್ತನ್ನೂ ಕಲಸಿ ನಿಲ್ಲಿಸಿದೆ. ಮೂರಡಿ ದೂರದಿಂದ, ‘ಇದರಲ್ಲಿ ಕಷ್ಟಪಟ್ಟು ಮಾಡಿದ್ದು ಯಾವುದು ಹೇಳು’ ಅಂದೆ. ಅವನು ಮೊದಲು ಸ್ಲ್ಯಾಪ್‌ಚಾಪ್‌ನ ಮೂವರನ್ನು ತೋರಿಸಿದ, ಆಮೇಲೆ ಹಳೆಯ ಕ್ರಮದ ಇಬ್ಬರನ್ನು. ಹದಿನೈದು ಗಂಟೆ ಕೂತವನಿಗೆ ಇದನ್ನು ಕೇಳಿ ಹೇಗಾಗಬೇಡ! ಕೈಗೆ ಕೊಟ್ಟ ಮೇಲೆ ಮಾತ್ರ ಹಳೆಯ ಕ್ರಮದ್ದನ್ನು ತಪ್ಪಿಲ್ಲದೆ ಆರಿಸಿದ, ಹಲ್ಲು ನೋಡಿ. ಕಾಂಟ್ರಾಸ್ಟ್‌ನ ಹತ್ತನ್ನು ಗುರಾಣಿಯಿಂದಲೇ ದೂರದಿಂದ ಹಿಡಿದುಬಿಟ್ಟ.

ಆಟ ಯಾವುದು ಅನ್ನೋದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ವಾರ್‌ಹ್ಯಾಮರ್ ದಿ ಓಲ್ಡ್ ವರ್ಲ್ಡ್‌ನಲ್ಲಿ ಸೈನಿಕರು ಸಾಲುಗಟ್ಟಿ ನಿಲ್ಲುತ್ತಾರೆ, ಸತ್ತವರನ್ನು ಹಿಂದಿನ ಸಾಲಿನಿಂದ ತೆಗೆಯುತ್ತೇವೆ. ಕೊನೆಯವರೆಗೂ ಎದುರಾಳಿಗೆ ಕಾಣೋದು ಮುಂದಿನ ಸಾಲೇ. ಕಿಂಗ್ಸ್ ಆಫ್ ವಾರ್‌ನಲ್ಲಂತೂ ಇಡೀ ಪಡೆ ಒಂದೇ ಘಟಕ. ಬಿದ್ದ ಪೆಟ್ಟನ್ನು ಗುರುತು ಹಾಕಿಕೊಳ್ಳುತ್ತೇವೆ, ಒಂದೊಂದೇ ಗೊಂಬೆ ಎತ್ತುವ ಗೋಜಿಲ್ಲ. ಇಂಥ ಆಟಗಳ ಹಿಂದಿನ ಸಾಲಿಗೆ ಹಲ್ಲಿನ ಮೇಲೆ ಬಿಳಿ ಚುಕ್ಕೆ ಇಡೋದು ಸುಮ್ನೆ ಹಟ, ಅಷ್ಟೇ. ಫ್ರಾಸ್ಟ್‌ಗ್ರೇವ್ ಹಾಗಲ್ಲ. ಮಂತ್ರವಾದಿ, ಶಿಷ್ಯ, ಹೆಚ್ಚೆಂದರೆ ಎಂಟು ಸೈನಿಕರು. ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆಯುತ್ತೀವಿ, ಕೈಯಲ್ಲಿ ಎತ್ತಿ ನೋಡುತ್ತೀವಿ. ಅಲ್ಲಿ ಹಳೆಯ ಕ್ರಮದ ಗಂಟೆಗಳು ವಸೂಲಾಗುತ್ತವೆ.

ಸವೆತದ ವಿಷಯ. ನನ್ನದು ಸತ್ತವರನ್ನು ಮಂತ್ರ ಹಾಕಿ ಎಬ್ಬಿಸುವ ಸೈನ್ಯ, ಒಂದೇ ಆಟದಲ್ಲಿ ಒಬ್ಬನನ್ನೇ ನಾಲ್ಕು ಸಲ ತೆಗೆದು ಮತ್ತೆ ಇಟ್ಟದ್ದುಂಟು. ಬೇಕೆಂದೇ ಪ್ರತಿ ಗುಂಪಿನಲ್ಲಿ ಐದಕ್ಕೆ ಮಾತ್ರ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹಾಕಿದ್ದೆ. ಹಾಕದವುಗಳಲ್ಲಿ ಮೊದಲು ಸೋತದ್ದು ಕಾಂಟ್ರಾಸ್ಟ್. ಬೆರಳು ತಾಗುವ ಈಟಿಯ ತುದಿ, ತಲೆಯ ನೆತ್ತಿಯಲ್ಲಿ ಕೆಳಗಿನ ಪ್ರೈಮರ್ ಇಣುಕಿತು. ಸ್ಲ್ಯಾಪ್‌ಚಾಪ್‌ನದ್ದೂ ಸವೆಯಿತು, ಆದರೆ ಕೆಳಗಿರುವುದು ಬಿಳಿ ಬೂದು ಆದ್ದರಿಂದ ಹಳೆಯ ಮೂಳೆ ಅಂತ ಸುಳ್ಳು ಹೇಳಬಹುದು. ಹಳೆಯ ಕ್ರಮದ ಮೇಲೆ ಪದರಗಳು ಜಾಸ್ತಿ, ಏನೂ ಆಗಲಿಲ್ಲ. ವಾರ್ನಿಶ್ ಹಾಕಿದ ಹದಿನೈದೂ ಹೊಸದರಂತೆಯೇ ಇವೆ. ಸ್ಪ್ರೇ ವಾರ್ನಿಶ್ ಆದರೆ ಗಾಳಿಯಲ್ಲಿ ತೇವ ಇರುವ ದಿನ ಮುಟ್ಟಲೇಬೇಡಿ, ಗೊಂಬೆ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ.

ಮುಂದಿನ ಪೆಟ್ಟಿಗೆಯಲ್ಲಿ 40 ಪಿಶಾಚಿಗಳಿವೆ. ಎಲ್ಲಕ್ಕೂ ಕಪ್ಪು ಪ್ರೈಮರ್ ಹೊಡೆದಾಗಿದೆ, ಈ ಸಲ ಏಣು ಕೆರೆದೇ. ಮುಂದಿನ ಸಾಲಿನ ಎಂಟರ ಮುಖಕ್ಕೆ ಮಾತ್ರ ಸ್ಲ್ಯಾಪ್‌ಚಾಪ್ ಮೇಲೆ ಹಳೆಯ ಕ್ರಮದ ಗೆರೆ ಎಳೆಯುತ್ತೇನೆ. ಕಾಂಟ್ರಾಸ್ಟ್‌ನ ಅಸ್ಥಿಪಂಜರಗಳ ಗುರಾಣಿಗಳನ್ನು ಕೂತು ಮತ್ತೆ ಬಳಿದೆ, ಒಂಬತ್ತನ್ನು. ಹತ್ತನೆಯವನನ್ನು ಹಾಗೇ ಬಿಟ್ಟಿದ್ದೇನೆ. ಗೆಳೆಯ ಅವನಿಗೆ ‘ಸೋರುವ ಗೋಡೆ’ ಅಂತ ಹೆಸರಿಟ್ಟಿದ್ದಾನೆ. ಮಂತ್ರ ಹಾಕಿದಾಗ ಮೊದಲು ಎದ್ದು ಬರೋದು ಅವನೇ.