ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕರ ರಜೆ: ಸರ್ಕಾರಿ ಶಾಲೆಯೋ, ಹಗ್ವಾನೋ?

ರಜೆಯೇ ಮುಖ್ಯ ಎನ್ನುವವರು ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ಕರೆತರುವ ಎಪಿಕ್ ಯೋಜನೆಯನ್ನೇ ಹಿಡಿಯಲಿ. ಅದರ ಒಪ್ಪಂದದಲ್ಲಿ ಸಂಬಳಸಹಿತ ರಜೆ ಬಹುಕಾಲ ವರ್ಷಕ್ಕೆ 18 ಕೆಲಸದ ದಿನಗಳಷ್ಟಿತ್ತು. ಈಚೆಗೆ 26ಕ್ಕೆ ಏರಿದೆ. ಹಗ್ವಾನ್ ಎಂಬ ಖಾಸಗಿ ಟ್ಯೂಷನ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಹತ್ತರ ಆಸುಪಾಸು, ಅದೂ ಹೆಚ್ಚಾಗಿ ಮಾಲೀಕರು ಗೊತ್ತುಮಾಡಿದ ದಿನಗಳಲ್ಲೇ. ಶಾಲೆಗೆ ರಜೆ ಬಿಟ್ಟರೆ ಹಗ್ವಾನ್‌ಗಳಿಗೆ ಸುಗ್ಗಿ. ವಿಶೇಷ ತರಗತಿಗಳಲ್ಲಿ ಶಿಕ್ಷಕರು ಹೈರಾಣಾಗುತ್ತಾರೆ.

ಹಾಗೆಂದು ಮಕ್ಕಳ ರಜೆಯೆಲ್ಲ ಸರ್ಕಾರಿ ಶಾಲೆಯ ಶಿಕ್ಷಕರ ರಜೆಯೂ ಅಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ಇಂಗ್ಲಿಷ್ ಶಿಬಿರ ನಡೆಸಬೇಕು. ಅದು ಮುಗಿದ ಮೇಲೂ ಹಲವು ಶಾಲೆಗಳಲ್ಲಿ ದಿನವಿಡೀ ಖಾಲಿ ಕಟ್ಟಡದಲ್ಲಿ, ಕೋಟು ಕಳಚದೆ, ಮಾಡಲು ಕೆಲಸವಿಲ್ಲದೆ ಮೇಜಿನ ಮುಂದೆ ಕೂತಿರಬೇಕು. ಸಂಬಳವೇನೋ ಬರುತ್ತದೆ! ರಜೆಯ ದಿನಾಂಕಕ್ಕೂ ಶಾಲೆಯ ಒಪ್ಪಿಗೆ ಬೇಕು. ಸೆಮಿಸ್ಟರ್ ನಡುವೆ ಊರಿನ ಮದುವೆಗೆ ಹೊರಡುವ ಆಸೆ ಬೇಡ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೆಚ್ಚು ಯೋಚನೆಯೂ ಇಲ್ಲ. ಹಗ್ವಾನ್‌ನಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಸಿಗುವುದು ಅಮೆರಿಕ, ಬ್ರಿಟನ್ ಮುಂತಾದ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೆ ತೆರೆದದ್ದು ಶಾಲೆಯ ಬಾಗಿಲನ್ನು, ಅದೂ ಶಿಕ್ಷಕ ಅರ್ಹತೆಯ ಪತ್ರ ಕೈಯಲ್ಲಿದ್ದರೆ.