ಚಿತ್ರವಿಲ್ಲದ ಬೇಸ್‌ಬಾಲ್: ರೇಡಿಯೊದ ಮುಂದೆ ಮ್ಯಾರಿನರ್ಸ್ ತಂಡದ ನಾಲ್ಕು ಸೀಸನ್

2022ರ ಏಪ್ರಿಲ್‌ನಲ್ಲಿ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳನ್ನು ನೋಡಲೆಂದೇ ಒಂದು ವಿಡಿಯೊ ಸೇವೆಗೆ ಇಡೀ ವರ್ಷದ ಚಂದಾ ಕಟ್ಟಿದೆ. ಮೊದಲ ಸಂಜೆಯೇ, ನಿಮ್ಮ ಪ್ರದೇಶದಲ್ಲಿ ಈ ಪಂದ್ಯದ ನೇರ ಪ್ರಸಾರವಿಲ್ಲ ಎಂಬ ಸಾಲು ಪರದೆಯ ಮೇಲೆ ಬಂತು. ಊರಿನ ತಂಡದ ಪ್ರಸಾರದ ಹಕ್ಕು ಕೇಬಲ್ ವಾಹಿನಿಯದಾಗಿದ್ದ ಕಾರಣ, ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿರುವ ನನಗೆ ಬಾಸ್ಟನ್ನಿನ ಆಟವೂ ಮಯಾಮಿಯ ಆಟವೂ ಸಿಗುತ್ತಿತ್ತು. ಇಪ್ಪತ್ತು ಮೈಲಿಯೊಳಗಿನ ಮೈದಾನದ ಆಟ ಮಾತ್ರ ಸಿಗುತ್ತಿರಲಿಲ್ಲ. ಹಣ ಕೊಟ್ಟೂ ಸ್ವಂತ ಊರಿನ ತಂಡವನ್ನು ನೋಡಲಾಗದ ಆ ಬೇಸರ ಇಂದಿಗೂ ಹೋಗಿಲ್ಲ. ಆ ಸಿಟ್ಟಿನಲ್ಲಿಯೇ ಒಂದು ಚಿಕ್ಕ ಎ.ಎಂ. ರೇಡಿಯೊವನ್ನೂ ಒಂದು ಸ್ಕೋರ್ ಪುಸ್ತಕವನ್ನೂ ಕೊಂಡೆ. ನಾಲ್ಕು ಸೀಸನ್ ಬಳಸಿದ ಮೇಲೆ ಈ ಎರಡರ ಬಗ್ಗೆ ಬರೆಯುತ್ತಿದ್ದೇನೆ.

ಮ್ಯಾರಿನರ್ಸ್ ಪಂದ್ಯಗಳ ವಿವರಣೆ ಬರುವ 710 ಎ.ಎಂ. ರೇಡಿಯೊ ಕೇಂದ್ರವನ್ನು ಕೇಳಲು ಚಂದಾ ಬೇಕಿಲ್ಲ. ತವರಿನ ಪಂದ್ಯಗಳು ಬಹುಪಾಲು ಸಂಜೆ 6:40ಕ್ಕೆ ಆರಂಭವಾಗುತ್ತವೆ. ನಮ್ಮ ಮನೆಯಲ್ಲಿ ಅದು ಕುಕ್ಕರ್ ಇಡುವ ಹೊತ್ತು. ಅಡುಗೆಮನೆಯ ಎಲ್‌ಇಡಿ ದೀಪ ಹಾಕಿದರೆ ಎ.ಎಂ. ರೇಡಿಯೊ ಗುಂಯ್‌ಗುಡುತ್ತದೆ, ಫೋನಿನ ಚಾರ್ಜರ್ ಪಕ್ಕದಲ್ಲಿದ್ದರೂ ಅದೇ ಪಾಡು. ಆದ್ದರಿಂದ ದೀಪ ಆರಿಸಿ, ರೇಡಿಯೊವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದು ಸ್ಪಷ್ಟವಾಗಿ ಕೇಳಿಸುವವರೆಗೆ ಅತ್ತಿತ್ತ ತಿರುಗಿಸಿ, ಜೂನ್ ತಿಂಗಳ ಒಂಬತ್ತು ಗಂಟೆಯವರೆಗಿನ ಬೆಳಕಿನಲ್ಲಿಯೇ ಹುಳಿಗೆ ತರಕಾರಿ ಹೆಚ್ಚುವುದು ನನ್ನ ರೂಢಿಯಾಯಿತು. ಹೆಚ್ಚುವ ಮಣೆಯ ಪಕ್ಕದಲ್ಲಿಯೇ ಸ್ಕೋರ್ ಪುಸ್ತಕ ತೆರೆದಿರುತ್ತದೆ.

ಈ ಪುಸ್ತಕ ಕೊಟ್ಟ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ. ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್ 2 ಎಂದು ಆರಂಭಿಸಿ ಬಲಬದಿಯ ಔಟ್‌ಫೀಲ್ಡರ್ 9 ಎನ್ನುವವರೆಗೆ ಪ್ರತಿಯೊಂದು ಸ್ಥಾನಕ್ಕೂ ಒಂದು ಸಂಖ್ಯೆಯಿದೆ. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ (6) ಚೆಂಡನ್ನು ಎತ್ತಿ ಎರಡನೆಯ ಬೇಸ್‌ನವನಿಗೆ (4), ಅವನು ಮೊದಲ ಬೇಸ್‌ನವನಿಗೆ (3) ಎಸೆದು ಇಬ್ಬರು ಔಟಾದರೆ 6-4-3 ಎಂದು ಬರೆದರೆ ಸಾಕು. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವ ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ನಿಂತಲ್ಲೇ ಔಟಾದವನಿಗೆ ಅದೇ ಅಕ್ಷರ ತಿರುವುಮುರುವಾಗಿ. ಮೊದಲ ತಿಂಗಳು ನಾನು ವಿವರಣೆಕಾರರಿಗಿಂತ ಎರಡು ಎಸೆತ ಹಿಂದೆಯೇ ಇರುತ್ತಿದ್ದೆ. ಮಳೆಗಾಲದ ಟೆಸ್ಟ್ ಪಂದ್ಯಗಳನ್ನು ಆಕಾಶವಾಣಿಯಲ್ಲಿ ಕೇಳುತ್ತ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಓವರಿಗೊಮ್ಮೆ ರನ್ ಬರೆಯುತ್ತಿದ್ದ ನನ್ನ ತಂದೆಯವರು ಅಷ್ಟು ಮೌನವಾಗಿ ಕೂರುತ್ತಿದ್ದುದೇಕೆಂದು ನನಗೆ ತಿಳಿದದ್ದು ಆ ತಿಂಗಳಲ್ಲಿ. ಕೈ ಬರೆಯುತ್ತಿದ್ದರೆ ಕಿವಿ ಬೇರೆಲ್ಲಿಗೂ ಹೋಗುವುದಿಲ್ಲ.

ಪಂದ್ಯ ಮುಗಿಯುವ ಒಂಬತ್ತೂವರೆಯ ಹೊತ್ತಿಗೆ ಮೈಸೂರಿನಲ್ಲಿ ಬೆಳಗಿನ ಹತ್ತು. ಅಮ್ಮ ಪೂಜೆ ಮುಗಿಸಿ ಕರೆ ಮಾಡಿ, "ಗೆದ್ದರೇನೋ ನಿಮ್ಮೋರು?" ಎಂದೇ ಮಾತು ಆರಂಭಿಸುತ್ತಾರೆ.

ಕೊರತೆಗಳನ್ನೂ ಹೇಳಬೇಕು. ಪಿಚರ್ ಬದಲಾದಾಗಲೆಲ್ಲ ಜಾಹೀರಾತು ನುಗ್ಗುತ್ತದೆ. ಪೂರ್ವ ಕರಾವಳಿಯ ಪಂದ್ಯಗಳು ಇಲ್ಲಿ ಸಂಜೆ ನಾಲ್ಕರ ಸುಮಾರಿಗೇ ಶುರುವಾಗುವುದರಿಂದ, ಕಚೇರಿಯಲ್ಲಿರುವ ನನಗೆ ಮೊದಲ ಮೂರು ಇನಿಂಗ್ಸ್ ತಪ್ಪಿ, ಆ ಪುಟಗಳು ಅರ್ಧ ಖಾಲಿಯೇ ಉಳಿಯುತ್ತವೆ. 2023ರಲ್ಲಿ ಪಿಚ್ ಕ್ಲಾಕ್ ಬಂದಿತು: ಬೇಸ್‌ಗಳಲ್ಲಿ ಓಟಗಾರರಿಲ್ಲದಿದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು. ಪಂದ್ಯದ ಸರಾಸರಿ ಅವಧಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಇಳಿಯಿತು. ಮೈದಾನಕ್ಕೆ ಹೋಗುವವರಿಗೆ ಇದು ಒಳ್ಳೆಯದೇ. ಆದರೆ 1977ರ ಮೊದಲ ಸೀಸನ್ನಿನಿಂದ 2010ರವರೆಗೆ ಈ ತಂಡದ ದನಿಯಾಗಿದ್ದ ಡೇವ್ ನೀಹೌಸ್ ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳಿದಾಗ, ಎಸೆತ ಎಸೆತದ ನಡುವಿನ ಬಿಡುವಿನಲ್ಲಿ ಕಥೆ ಹೇಳುವ ಅಂಥ ಸಾವಧಾನಕ್ಕೆ ಈಗ ಎಡೆ ಕಡಿಮೆಯಾಗಿದೆ ಎನಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಸೀಸನ್ನಿನ 162 ಪಂದ್ಯಗಳ ಉದ್ದವೇ. 2023ರಲ್ಲಿಯೂ 2024ರಲ್ಲಿಯೂ ತಂಡ ಒಂದೇ ಪಂದ್ಯದ ಅಂತರದಲ್ಲಿ, ಸೀಸನ್ನಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಿಂದ ಹೊರಗುಳಿಯಿತು. 2024ರ ಅಕ್ಟೋಬರ್‌ನಲ್ಲಿ ಪುಟಗಳನ್ನು ಹಿಂದಕ್ಕೆ ತಿರುಗಿಸುತ್ತ, ಆ ಒಂದು ಗೆಲುವು ಎಲ್ಲಿ ಕೈತಪ್ಪಿತೆಂದು ಹುಡುಕಿದೆ. ಏಪ್ರಿಲ್‌ನ ಒಂದು ಸೋಲಿನಲ್ಲಿಯೂ ಅದು ಸಿಗುತ್ತಿತ್ತು, ಆಗಸ್ಟ್‌ನ ಇನ್ನೊಂದರಲ್ಲಿಯೂ ಸಿಗುತ್ತಿತ್ತು. ಆ ಚಳಿಗಾಲದಲ್ಲಿ ರೇಡಿಯೊದ ಬ್ಯಾಟರಿ ತೆಗೆದು ಕಪಾಟಿನಲ್ಲಿಟ್ಟೆ; ಹೊಸ ಪುಸ್ತಕ ಕೊಳ್ಳುವ ಮನಸ್ಸಿರಲಿಲ್ಲ.

ಕೊಂಡೆ, ಸದ್ಯ. 2025ರ ಸೆಪ್ಟೆಂಬರ್ 24ರಂದು ಕ್ಯಾಚರ್ ಕ್ಯಾಲ್ ರಾಲೀ ತಮ್ಮ 59ನೆಯ ಮತ್ತು 60ನೆಯ ಹೋಮ್ ರನ್ (ಚೆಂಡು ಬೇಲಿಯಾಚೆ ಹೋಗುವ ಹೊಡೆತ) ಹೊಡೆದ ರಾತ್ರಿಯೇ ತಂಡ 2001ರ ನಂತರ ಮೊದಲ ಬಾರಿಗೆ ತನ್ನ ವಿಭಾಗವನ್ನು ಗೆದ್ದಿತು. ಆ ವರ್ಷಕ್ಕೆ ಮೊದಲು ಯಾವ ಕ್ಯಾಚರ್ ಕೂಡ ಒಂದು ಸೀಸನ್ನಿನಲ್ಲಿ 48ನ್ನು ದಾಟಿರಲಿಲ್ಲ. ಎಂಟನೆಯ ಇನಿಂಗ್ಸ್‌ನಲ್ಲಿ ವಿವರಣೆಕಾರರ ಮಾತನ್ನು ಪ್ರೇಕ್ಷಕರ ಕೂಗು ಮುಚ್ಚಿಹಾಕಿದಾಗ, ಚಿತ್ರವಿಲ್ಲದಿದ್ದರೂ ಏನಾಯಿತೆಂದು ನನಗೆ ತಿಳಿಯಿತು. ಅಕ್ಟೋಬರ್ 10ರಂದು ಡೆಟ್ರಾಯಿಟ್ ವಿರುದ್ಧದ ನಿರ್ಣಾಯಕ ಪಂದ್ಯ ಎಂದಿನ ಒಂಬತ್ತರ ಬದಲು 15 ಇನಿಂಗ್ಸ್ ನಡೆದು, ಇನಿಂಗ್ಸಿಗೊಂದರಂತಿರುವ ಪುಟದ ಅಂಕಣಗಳು ಸಾಲದೆ ಅಂಚಿಗೆ ಕಾಗದ ಅಂಟಿಸಿ ಬರೆದೆ. ಕೊಳ್ಳುವವರು ಹನ್ನೆರಡು ಅಂಕಣಗಳಿಗಿಂತ ಕಡಿಮೆಯಿರುವ ಪುಸ್ತಕವನ್ನು ಕೊಳ್ಳಬೇಡಿ; ಪುಟಗಳು ಪೂರ್ತಿ ಮಡಚುವ ಸುರುಳಿತಂತಿಯ ಹೊಲಿಗೆಯದ್ದೇ ಇರಲಿ.

ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ಇದುವರೆಗೆ ಒಮ್ಮೆಯೂ ಆಡದ ಏಕೈಕ ತಂಡ ನಮ್ಮದು. ಅಕ್ಟೋಬರ್ 20ರಂದು ಟೊರಾಂಟೊದಲ್ಲಿ, ಆ ಹೊಸ್ತಿಲಿಗೆ ಎಂಟು ಔಟ್‌ಗಳಷ್ಟೇ ಬಾಕಿಯಿದ್ದಾಗ, 3-1ರ ಮುನ್ನಡೆ ಟೊರಾಂಟೊ ತಂಡದ ಜಾರ್ಜ್ ಸ್ಪ್ರಿಂಗರ್ ಅವರ ಒಂದೇ ಹೊಡೆತಕ್ಕೆ 3-4 ಆಯಿತು. ಅಮ್ಮ ಕರೆ ಮಾಡಿದಾಗ ನಾನು ಹೆಚ್ಚು ಮಾತಾಡಲಿಲ್ಲ. "ಬರೆದಿಟ್ಟಿದ್ದೀಯೇನೋ? ನಿಮ್ಮಪ್ಪ ಸೋತದ್ದನ್ನೂ ಬರೆದಿಡುತ್ತಿದ್ದರು," ಎಂದರು. ಬರೆದಿದ್ದೆ. ಏಳನೆಯ ಇನಿಂಗ್ಸ್‌ನ ಆ ಚೌಕದಲ್ಲಿ, ಹೋಮ್ ರನ್‌ಗೆ ತುಂಬಬೇಕಾದಂತೆ, ಬೇಸ್‌ಗಳ ಗುರುತಾದ ವಜ್ರಾಕೃತಿಯನ್ನು ಪೆನ್ಸಿಲಿನಿಂದ ಪೂರ್ತಿ ಕಪ್ಪಾಗಿಸಿದ್ದೇನೆ.